ಚೆಂಡು ಹಿಡಿಯುವವನು

ಸ್ಟರ್ಲಿಂಗ್ ಹೈಟ್ಸ್, ಮಿಷಿಗನ್
ಆಗಸ್ಟ್ 17, 2025

ಸಮರ್ಥ,

ನಿನ್ನನ್ನು ಶಿಕಾಗೊ ಹತ್ತಿರದ ಡೌನರ್ಸ್ ಗ್ರೋವ್‌ನ ಬಾಡಿಗೆ ಮನೆಯಲ್ಲಿ ಇಳಿಸಿ ಹೊರಟು, ಅರ್ಧ ದಾರಿಯ ಕಲಮಜೂ ದಾಟಿದೆವು. ಆಗ ನಿನ್ನಮ್ಮ, "ಇನ್ನೊಂದ್ ಸ್ವಲ್ಪ ಹೊತ್ತು ಕೂತಿದ್ದು ಬರಬಹುದಿತ್ತು" ಎಂದಳು. ಕೂತಿದ್ದರೂ ನೀನು ಮಾತಾಡುತ್ತಿದ್ದೆಯೋ ಇಲ್ಲವೋ. ಫೋನ್ ಮಾಡಿದರೆ ಎತ್ತುತ್ತಿಲ್ಲ. ಎತ್ತಿದರೂ ನೀನು ಇಂಗ್ಲಿಷಿಗೆ ಜಾರುತ್ತೀ, ನಾನು ಉಪದೇಶಕ್ಕೆ ಜಾರುತ್ತೇನೆ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ನಾಲ್ಕನೇ ಕ್ಲಾಸಿನವರೆಗೆ ನೀನು ಮೈಸೂರಿನಲ್ಲಿ ಓದಿದ್ದು, ಇಲ್ಲಿಗೆ ಬಂದ ಮೇಲೆ ಭಾನುವಾರಗಳಂದು ನಿನ್ನಮ್ಮ ನಿನ್ನ ಕೈಯಲ್ಲಿ ಒಂದೊಂದು ಪುಟ ಬರೆಸಿದ್ದು ಈಗಲಾದರೂ ಉಪಯೋಗಕ್ಕೆ ಬರಲಿ.

ನಿನ್ನ ಸಿಟ್ಟು ನನಗೆ ಅರ್ಥವಾಗುತ್ತದೆ. ಇಷ್ಟು ಕಾಲ ನಿನ್ನಂಥ ಅಮೆರಿಕನ್ ಫುಟ್‌ಬಾಲ್ ಆಟಗಾರರಿಗೆ ಓದಿನ ಖರ್ಚು ಬಿಟ್ಟು ಬೇರೇನೂ ಕೊಡದಿದ್ದ ಕಾಲೇಜುಗಳು ಈ ವರ್ಷದಿಂದ ಟಿವಿ, ಟಿಕೆಟ್ಟುಗಳ ಆದಾಯದಲ್ಲಿ ಪಾಲು ಕೊಡುತ್ತಿವೆ. ನಿನ್ನ ಕೋಚು ಹುಡುಗರನ್ನು ಒಬ್ಬೊಬ್ಬರಾಗಿ ಒಳಗೆ ಕರೆದು ಕರಾರಿಗೆ ಸಹಿ ಹಾಕಿಸಿಕೊಂಡರು. ನಿನ್ನ ಜೊತೆಗಿರುವ ನಮ್ಮ ಗಿರೀಶನ ಮಗ ಜೈ ನಗುತ್ತಾ ಹೊರಗೆ ಬಂದ. ನೀನು ಹೋದಷ್ಟೇ ಬೇಗ ವಾಪಸು ಬಂದೆ. ಆಫೀಸಿನ ಹೆಂಗಸು ಪಾಪ ಮೃದುವಾಗಿಯೇ ಹೇಳಿದಳು. ಟ್ರಾಯ್‌ನ ನಮ್ಮ ಲಾಯರೂ ಅದನ್ನೇ ಹೇಳಿದ: ನನ್ನ ಕೆಲಸದ ವೀಸಾದ ಆಸರೆಯಲ್ಲಿ ಇರುವ ನೀನು ಇಲ್ಲಿ ಓದಬಹುದು, ಆಡಬಹುದು, ಸಂಪಾದಿಸುವ ಹಾಗಿಲ್ಲ. ಗ್ರೀನ್ ಕಾರ್ಡಿನ ಸಾಲಿನಲ್ಲಿ ಇಷ್ಟು ವರ್ಷ ನಿಂತು ಈಗ ಒಂದು ತಪ್ಪು ಹೆಜ್ಜೆ ಇಟ್ಟರೆ ಮೂವರೂ ಸಾಲಿನಿಂದ ಆಚೆ.

ಕಾರಿನಲ್ಲಿ ನೀನು ಕೇಳಿದೆ, "ಹಾಗಾದ್ರೆ ನಾನು ಒದ್ದ ಬಾಲ್ ಲೀಗಲ್ಲಾ, ಅಪ್ಪ?" ನಾನು ರೇಡಿಯೋ ಹಾಕಿದೆ. ಹಾಕಬಾರದಿತ್ತು.

ಚಟ್ನಿಪುಡಿಯ ಡಬ್ಬಿ ನಿನ್ನ ಬೂಟುಗಳ ಚೀಲದಲ್ಲಿದೆ. ಜೈಗೂ ಕೊಡು.

ಅಪ್ಪ


ಡೌನರ್ಸ್ ಗ್ರೋವ್
ಸೆಪ್ಟೆಂಬರ್ 14, 2025

ಅಪ್ಪ,

ಈ ಕಾಗದ ಬರೆಯಲು ಎರಡು ಸಂಜೆ ಹಿಡಿಯಿತು. ಒತ್ತಕ್ಷರಗಳು ತಪ್ಪಿದ್ದರೆ ಅಮ್ಮನ ಹತ್ತಿರ ತಿದ್ದಿಸಿಕೊಳ್ಳಿ.

ನಿನ್ನೆಯ ಮ್ಯಾಚ್ ನೀವು ಟಿವಿಯಲ್ಲಿ ನೋಡಿದಿರಿ ಎಂದು ಅಮ್ಮ ಮೆಸೇಜ್ ಮಾಡಿದಳು. ಮೂರು ಸಲ ಒದ್ದೆ, ಮೂರು ಸಲವೂ ಚೆಂಡು ಎರಡು ಕಂಬಗಳ ನಡುವೆ ಹೋಯಿತು. ಟಿವಿಯಲ್ಲಿ ನನ್ನ ಕಾಲನ್ನಷ್ಟೇ ತೋರಿಸುತ್ತಾರೆ. ಅರ್ಧ ಕೆಲಸ ಜೈದು. ನಮ್ಮವನೊಬ್ಬ ದೂರದಿಂದ ಹಿಂದಕ್ಕೆ ಎಸೆದ ಚೆಂಡನ್ನು ಅವನು ಮಂಡಿಯೂರಿ ಹಿಡಿದು, ನೆಲಕ್ಕೆ ಊರಿ, ಒಂದು ಬೆರಳಿನಲ್ಲಿ ನೆಟ್ಟಗೆ ನಿಲ್ಲಿಸಬೇಕು, ಅದೂ ನಾನು ಓಡಿ ಬರುವಷ್ಟರಲ್ಲಿ. ಎದುರಿನಿಂದ ಮುನ್ನೂರು ಪೌಂಡಿನ ಹುಡುಗರು ನುಗ್ಗುತ್ತಿರುತ್ತಾರೆ. ಅವನು ತಲೆಯೆತ್ತಿ ಅವರನ್ನು ನೋಡುವ ಹಾಗಿಲ್ಲ. ಸ್ಟರ್ಲಿಂಗ್ ಹೈಟ್ಸ್‌ನ ಹೈಸ್ಕೂಲಿನಲ್ಲಿ ಶುರುವಾದದ್ದು, ಇವತ್ತಿನವರೆಗೂ ನನಗೆ ಬೇರೆ ಯಾರೂ ಚೆಂಡು ಹಿಡಿದಿಲ್ಲ.

ಒಂದು ತಮಾಷೆಯ ವಿಷಯ. ಸ್ಕೋಕಿಯಲ್ಲಿ ಶ್ಯಾಮ್ ಅಂಕಲ್ ಅಂಗಡಿ ಇದೆಯಲ್ಲ, ಅಮ್ಮ ಬಂದಾಗಲೆಲ್ಲ ಹುರಿಗಾಳು ಕೊಳ್ಳುವ ಅಂಗಡಿ. ಅವರು ನಮ್ಮಿಬ್ಬರನ್ನೂ ಜರ್ಸಿಯಲ್ಲಿ ನಿಲ್ಲಿಸಿ ಫೋಟೋ ತೆಗೆಸಿದ್ದರು, ಅಂಗಡಿಯ ಜಾಹೀರಾತಿಗೆ. ಆಮೇಲೆ ನನ್ನ ವಿಷಯ ತಿಳಿದು ಹೆದರಿದರು. ಈಗ ಗಾಜಿನ ಮೇಲೆ ದೊಡ್ಡದಾಗಿ ಜೈ ಒಬ್ಬನೇ ಮೈಸೂರು ಪಾಕ್ ಹಿಡಿದು ನಿಂತಿದ್ದಾನೆ. ನನ್ನನ್ನು ಕತ್ತರಿಸಿದ್ದಾರೆ, ಆದರೆ ಅವನ ಹೆಗಲ ಮೇಲಿದ್ದ ನನ್ನ ಬೆರಳುಗಳು ಹಾಗೇ ಉಳಿದಿವೆ. ಜೈ ಬಿದ್ದು ಬಿದ್ದು ನಕ್ಕ. ನಾನೂ ನಕ್ಕೆ.

ಮುಖ್ಯ ವಿಷಯಕ್ಕೆ ಬರುತ್ತೇನೆ. ಜೈ ಪ್ರತಿ ತಿಂಗಳೂ ತನಗೆ ಬರುವುದರಲ್ಲಿ ಅರ್ಧ ತೆಗೆದು ಬೇರೆ ಇಡುತ್ತಿದ್ದಾನೆ. ಅದು ನನ್ನದಂತೆ. ನಾನು ಬೇಡ ಎಂದೆ. ಅವನು ಹೇಳಿದ, "ನೀನು ಒದೀದೇ ಇದ್ರೆ ಹಿಡಿಯೋನಿಗೆ ಯಾರು ದುಡ್ಡು ಕೊಡ್ತಾರೋ? ಇದು ಇಬ್ರದು." ಕಾಲೇಜು ಮುಗಿಯುವವರೆಗೆ ಇಟ್ಟಿರುತ್ತೇನೆ, ಬೇಕಾದಾಗ ತಗೋ ಅಂತ. ಹೋದ ಚಳಿಗಾಲದಲ್ಲಿ ಬೇರೊಂದು ದೊಡ್ಡ ಕಾಲೇಜು ಅವನನ್ನು ಕರೆದಿತ್ತು. ಹೋಗಲಿಲ್ಲ. ಯಾಕೆಂದು ಕೇಳಿದರೆ ಅಲ್ಲಿ ಊಟ ಚೆನ್ನಾಗಿಲ್ಲ ಎಂದ.

ಗೆಳೆಯ ಕೊಟ್ಟದ್ದನ್ನು ತೆಗೆದುಕೊಂಡರೆ ಅದೂ ಸಂಪಾದನೆಯೇ? ಲಾಯರನ್ನು ಕೇಳುತ್ತೀರಾ? ಇದು ಯಾರಿಗೂ ಗೊತ್ತಿಲ್ಲ. ಗಿರೀಶ್ ಅಂಕಲ್‌ಗೂ ಗೊತ್ತಿಲ್ಲ. ನಿಮಗೆ ಮಾತ್ರ ಹೇಳುತ್ತಿದ್ದೇನೆ.

ಸಮರ್ಥ


ಸ್ಟರ್ಲಿಂಗ್ ಹೈಟ್ಸ್
ಸೆಪ್ಟೆಂಬರ್ 23, 2025

ಸಮರ್ಥ,

ಬೇಡ. ಅದನ್ನು ಮುಟ್ಟಬೇಡ. ಯಾವ ರೂಪದಲ್ಲೂ ಬೇಡ.

ವೀಸಾದ ಜೊತೆ ಆಟವಾಡುವುದು ಬೇಡ. ನಿನ್ನ ಓದಿಗೆ ಸ್ಕಾಲರ್‌ಶಿಪ್ ಇದೆ, ಮಿಕ್ಕದ್ದಕ್ಕೆ ನಾನಿದ್ದೇನೆ. ಕೈಯೊಡ್ಡುವ ಪರಿಸ್ಥಿತಿ ನಮಗೆ ಬಂದಿಲ್ಲ.

ಗಿರೀಶನ ಹತ್ತಿರ ಮಾತಾಡಿದ್ದೇನೆ. ವಿಷಯ ಮುಗಿಯಿತು.

ಒತ್ತಕ್ಷರಗಳು ಸರಿಯಾಗಿಯೇ ಇದ್ದವು.

ಅಪ್ಪ


ಡೌನರ್ಸ್ ಗ್ರೋವ್
ಅಕ್ಟೋಬರ್ 5, 2025

ಅಪ್ಪ,

ನಿಮಗೆ ಮಾತ್ರ ಹೇಳುತ್ತಿದ್ದೇನೆ ಎಂದು ಬರೆದಿದ್ದೆ. ಅದನ್ನು ಓದಿಯೂ ನೀವು ಗಿರೀಶ್ ಅಂಕಲ್‌ಗೆ ಫೋನ್ ಮಾಡಿದಿರಿ.

ನೀವು ಫೋನ್ ಮಾಡಿದಾಗ ಅವರು ಕಾರಿನಲ್ಲಿದ್ದರು. ಶಿಕಾಗೊಗೆ ಕೆಲಸದ ಮೇಲೆ ಬಂದವರು ಜೈಯನ್ನು ಊಟಕ್ಕೆ ಕರೆದುಕೊಂಡು ಹೋಗುತ್ತಿದ್ದರು. ನಿಮ್ಮ ಮಾತು ಕಾರಿನ ಸ್ಪೀಕರಿನಲ್ಲಿ ಬಂತು. ಪಕ್ಕದಲ್ಲಿ ಜೈ ಇದ್ದ.

ಆ ದಿನ ಸಂಜೆ ಅವನು ಅಡುಗೆಮನೆಗೆ ಬಂದು ನಿಂತು ಕೇಳಿದ, "ಭಿಕ್ಷೆ ಅಂದ್ರೆ ಏನು?"

ಅವನು ಇಲ್ಲಿ ಹುಟ್ಟಿದವನು. ಮನೆಯಲ್ಲಿ ಆಡುವಷ್ಟು ಕನ್ನಡ ಬಿಟ್ಟರೆ ಇಂಥ ಪದಗಳು ಅವನಿಗೆ ಗೊತ್ತಿಲ್ಲ. ಯಾರು ಅಂದರು ಎಂದು ನಾನು ಕೇಳಲಿಲ್ಲ. ಗೊತ್ತಾಯಿತು. "ಸಹಾಯ ಅಂತ" ಎಂದೆ. ಅವನು, "ಡ್ಯಾಡ್ ಬೇರೆ ಹೇಳಿದ್ರು" ಎಂದ. ಫ್ರಿಜ್ ಬಾಗಿಲು ತೆಗೆದು ನೀರು ಕುಡಿದು ರೂಮಿಗೆ ಹೋದ.

"ನಿನ್ನ ಹುಡುಗ ನನ್ನ ಮಗನಿಗೆ ಭಿಕ್ಷೆ ಹಾಕ್ತಿದಾನೆ, ನಿಲ್ಲಿಸೋಕೆ ಹೇಳು." ನೀವು ಅಂದದ್ದು ಇದೇ ಅಲ್ಲವೇ? ಮರುದಿನ ಅವನು ಬಾಯಿಪಾಠ ಮಾಡಿದವನ ಹಾಗೆ ನಿಮ್ಮ ಮಾತನ್ನು ನನಗೆ ಒಪ್ಪಿಸಿದ. ಒಂದಕ್ಷರ ತಪ್ಪಿರಲಿಲ್ಲ.

ಲಾಯರನ್ನು ಕೇಳಿದಿರಾ ಇಲ್ಲವಾ, ನೀವು ಬರೆಯಲೇ ಇಲ್ಲ.

ಸಮರ್ಥ


ಸ್ಟರ್ಲಿಂಗ್ ಹೈಟ್ಸ್
ನವೆಂಬರ್ 16, 2025

ಸಮರ್ಥ,

ಇಲ್ಲಿ ಆಗಲೇ ನೀರು ಹೆಪ್ಪುಗಟ್ಟುವ ಚಳಿ, ಫ್ಯಾರನ್‌ಹೀಟಿನ ಮೂವತ್ತು ಡಿಗ್ರಿಗೆ ಇಳಿದಿದೆ. ಮನೆ ಬೆಚ್ಚಗಿಡುವ ಫರ್ನೇಸಿನ ಫಿಲ್ಟರ್ ಬದಲಾಯಿಸಿದೆ. ನಿಮ್ಮ ಮನೆಯದನ್ನೂ ನೋಡಿಕೊಳ್ಳಿ, ಬಾಡಿಗೆ ಮನೆಯವರು ತಾವಾಗಿ ಮಾಡುವುದಿಲ್ಲ. ನಿನ್ನಮ್ಮ ಸ್ವೆಟರ್ ಕಳಿಸಿದ್ದಾಳೆ. ಎರಡು ಇವೆ. ನೀಲಿಯದು ಜೈಗೆ.

ಮ್ಯಾಚುಗಳನ್ನು ನೋಡುತ್ತಿದ್ದೇನೆ. ಕಳೆದ ವಾರ ಗುರಿ ತಪ್ಪಿದ್ದು ಗಾಳಿಯಿಂದ, ನಿನ್ನ ತಪ್ಪಲ್ಲ. ಈಚೆಗೆ ಒದ್ದ ಮೇಲೆ ನೀವಿಬ್ಬರೂ ಬೇರೆ ಬೇರೆ ದಿಕ್ಕಿನಲ್ಲಿ ಮೈದಾನದಿಂದ ಹೊರಗೆ ಹೋಗುತ್ತೀರಿ. ಮೊದಲು ಒಟ್ಟಿಗೆ ಹೋಗುತ್ತಿದ್ದಿರಿ.

ದೀಪಾವಳಿಗೆ ಗಿರೀಶನ ಮನೆಗೆ ಹೋಗಲಿಲ್ಲ. ಅವರೂ ಬರಲಿಲ್ಲ. ನೀನು ಥ್ಯಾಂಕ್ಸ್‌ಗಿವಿಂಗ್‌ಗೆ ಬರುತ್ತೀಯಾ?

ಅಪ್ಪ


ಡೌನರ್ಸ್ ಗ್ರೋವ್
ಜನವರಿ 18, 2026

ಅಮ್ಮ,

ಥ್ಯಾಂಕ್ಸ್‌ಗಿವಿಂಗ್‌ಗೂ ಕ್ರಿಸ್‌ಮಸ್‌ಗೂ ಬರಲಿಲ್ಲವೆಂದು ಬೇಜಾರು ಮಾಡಿಕೊಳ್ಳಬೇಡ. ಪ್ರಾಕ್ಟೀಸ್ ಇತ್ತು ಎಂದದ್ದು ಪೂರ್ತಿ ಸುಳ್ಳಲ್ಲ.

ಜೈ ಹೊರಟುಹೋದ. ಓಹಾಯೋದ ಒಂದು ಕಾಲೇಜು ಅವನನ್ನು ಕರೆಯಿತು, ಇಲ್ಲಿಗಿಂತ ಹೆಚ್ಚು ಕೊಡುತ್ತಾರಂತೆ. ಈಗ ಹುಡುಗರು ಜನವರಿಯಲ್ಲಿ ಹೀಗೆ ಕಾಲೇಜು ಬದಲಾಯಿಸುವುದು ಮಾಮೂಲು. ನಮ್ಮ ತಂಡದಿಂದಲೇ ಹತ್ತಾರು ಜನ ಹೋದರು. ಯಾರೂ ಯಾರ ಮೇಲೂ ಸಿಟ್ಟಾಗುವುದಿಲ್ಲ.

ಹೋಗುವ ದಿನ ಗಿರೀಶ್ ಅಂಕಲ್ ವ್ಯಾನ್ ತೆಗೆದುಕೊಂಡು ಬಂದಿದ್ದರು. ಮಂಚ ಇಳಿಸಲು ನಾನೇ ಹಿಡಿದೆ. ಮೆಟ್ಟಿಲಿನ ತಿರುವಿನಲ್ಲಿ ಸಿಕ್ಕಿಕೊಂಡಿತು. ಒಂದು ಕಡೆ ನಾನು, ಇನ್ನೊಂದು ಕಡೆ ಅವನು, ನಡುವೆ ಮಂಚ. ಆಗ ಅವನು ಕೇಳಿದ, "ನಿನಗೂ ಹಾಗೇ ಅನ್ನಿಸ್ತಾ? ನಿನ್ನ ಡ್ಯಾಡ್ ಅಂದ ಹಾಗೆ?"

ಇಲ್ಲ ಎನ್ನಬೇಕಿತ್ತು, ಅಮ್ಮ. ಒಂದು ಮಾತು. ಆದರೆ ಮೊದಲ ಸಲ ಅವನು ಅರ್ಧ ನಿನ್ನದು ಎಂದಾಗ ನನಗೆ ಮುಖಕ್ಕೆ ರಕ್ತ ನುಗ್ಗಿತ್ತು. ಖುಷಿಗಷ್ಟೇ ಅಲ್ಲ. ಅದು ನೆನಪಾಯಿತು. "ಸ್ವಲ್ಪ ಎಡಕ್ಕೆ ತಿರುಗಿಸು" ಎಂದೆ. ಅವನು ಎಡಕ್ಕೆ ತಿರುಗಿಸಿದ. ಮಂಚ ಇಳಿಯಿತು.

ಗಿರೀಶ್ ಅಂಕಲ್ ನನ್ನ ತಲೆ ಸವರಿ, ಚೆನ್ನಾಗಿ ಓದು ಎಂದರು. ಅಪ್ಪನ ವಿಷಯ ಎತ್ತಲಿಲ್ಲ.

ನೀಲಿ ಸ್ವೆಟರನ್ನು ಅವನು ತೆಗೆದುಕೊಂಡು ಹೋಗಿದ್ದಾನೆ.

ಸಮರ್ಥ


ಸ್ಟರ್ಲಿಂಗ್ ಹೈಟ್ಸ್
ಫೆಬ್ರವರಿ 1, 2026

ಚಿನ್ನು,

ನಿನ್ನ ಕಾಗದವನ್ನು ಅಪ್ಪನಿಗೆ ಓದಿ ಹೇಳಿದೆ. ಮಂಚದ ವಿಷಯಕ್ಕೆ ಬಂದಾಗ ಎದ್ದು ಗರಾಜಿಗೆ ಹೋದರು. ಹಿಮ ತೆಗೆಯುವ ಸಲಿಕೆ ಹಿಡಿದು ಬಂದರು, ಡ್ರೈವ್‌ವೇಯಲ್ಲಿ ಹಿಮವೇ ಇರಲಿಲ್ಲ.

ಅವರ ಪರವಾಗಿ ಮಾತಾಡುತ್ತಿಲ್ಲ ನಾನು. ಅವರು ಫೋನಿನಲ್ಲಿ ಅಂದ ಮಾತು ನನಗೂ ಆಮೇಲೆಯೇ ತಿಳಿದದ್ದು. ಎರಡು ದಿನ ಅವರ ಹತ್ತಿರ ಮಾತು ಬಿಟ್ಟಿದ್ದೆ. ಆದರೆ ನಿನಗೆ ನೆನಪಿರಲಾರದ ಸಂಗತಿಗಳು ಕೆಲವಿವೆ. ನಾವು ಡೆಟ್ರಾಯಿಟ್ ಏರ್‌ಪೋರ್ಟಿನಲ್ಲಿ ಇಳಿದಾಗ ಗಿರೀಶ್ ಮೂರು ಜಾಕೆಟ್ ಹಿಡಿದು ನಿಂತಿದ್ದರು. ನಿನಗೆ ಹಾಕಿದ್ದು ಜೈದು. ಆರು ವಾರ ಅವರ ಬೇಸ್‌ಮೆಂಟಿನಲ್ಲಿದ್ದೆವು. ಮೊದಲ ಕಾರನ್ನು ಅವರ ಹೆಸರಿನಲ್ಲಿ ಕೊಂಡದ್ದು. ನಿನ್ನ ಮೊದಲ ಫುಟ್‌ಬಾಲ್ ಬೂಟು ಜೈಗೆ ಚಿಕ್ಕದಾದದ್ದು. ಗಿರೀಶ್ ಯಾವತ್ತೂ ಎತ್ತಿ ಆಡಿದವರಲ್ಲ. ಅವರು ಆಡದೇ ಇದ್ದದ್ದೇ ನಿನ್ನಪ್ಪನಿಗೆ ಭಾರವಾಯಿತೋ ಏನೋ. ಅವರ ಮಗ ಇಲ್ಲಿ ಹುಟ್ಟಿದ, ಯಾವ ಸಾಲಿನಲ್ಲೂ ನಿಲ್ಲಬೇಕಾಗಲಿಲ್ಲ. ಈಗ ಆ ಮಗನ ಕೈಯಿಂದಲೂ ನಮ್ಮ ಮಗ ತೆಗೆದುಕೊಳ್ಳುವುದು ಎಂದಾಗ ತಡೆಯಲಾಗಲಿಲ್ಲ. ವೀಸಾ ಅಂದರು. ಅದು ವೀಸಾ ಅಲ್ಲ ಅಂತ ನನಗೆ ಅವತ್ತೇ ಗೊತ್ತಿತ್ತು. ಹೇಳಲಿಲ್ಲ. ಮನೆಯಲ್ಲಿ ಸುಮ್ಮನೆ ಯಾಕೆ ಜಗಳ ಅಂತ.

ನೀನು ಸುಮ್ಮನಿದ್ದದ್ದೂ ನನ್ನಿಂದಲೇ ಕಲಿತದ್ದಿರಬೇಕು.

ಒಂದು ಸಲ ಬಂದು ಹೋಗು. ಅಪ್ಪನಿಗಾಗಿ ಬೇಡ, ನನಗಾಗಿ.

ಅಮ್ಮ


ಸ್ಟರ್ಲಿಂಗ್ ಹೈಟ್ಸ್
ಮಾರ್ಚ್ 15, 2026

ಸಮರ್ಥ,

ಮೊನ್ನೆಗೆ ನಿನಗೆ ಇಪ್ಪತ್ತೊಂದು ತುಂಬಿತು. ನೀನು ಹುಟ್ಟಿದಾಗ ಮೈಸೂರಿನ ನರ್ಸಿಂಗ್ ಹೋಮಿನ ವರಾಂಡದಲ್ಲಿ ನಾನು ಇದ್ದಬದ್ದವರಿಗೆಲ್ಲ ಪೇಡ ಹಂಚಿದ್ದೆ. ಈ ಸಲ ಲಾಯರಿನ ಆಫೀಸಿನಲ್ಲಿ ಕೂತಿದ್ದೆ. ಇಲ್ಲಿಯ ಕಾನೂನಿನಂತೆ ಇಪ್ಪತ್ತೊಂದು ತುಂಬಿದ ನೀನು ಇನ್ನು ಮೇಲೆ ನನ್ನ ವೀಸಾದ ಆಸರೆಯಲ್ಲಿ ಇಲ್ಲ. ನಮ್ಮ ಸಾಲಿನಿಂದ ನಿನ್ನ ಹೆಸರು ಹೊರಗೆ ಬಿತ್ತು, ನೀನು ಬೇರೆ ದೇಶದಿಂದ ಓದಲು ಬಂದ ವಿದ್ಯಾರ್ಥಿ. ಯಾವುದನ್ನು ಕಾಯುತ್ತೇನೆಂದು ನಿನ್ನ ಬಾಯಿ ಮುಚ್ಚಿಸಿದೆನೋ ಅದು ಹೇಗೂ ಉಳಿಯಲಿಲ್ಲ. ಕಾಗದಗಳು ಕ್ರಮವಾಗಿವೆ, ಹೆದರಬೇಡ.

ಏಳುವ ಮುಂಚೆ ಲಾಯರನ್ನು ಕೇಳಿದೆ, ಗೆಳೆಯನೊಬ್ಬ ತನ್ನ ಪಾಲಿನಲ್ಲಿ ಅರ್ಧ ಎತ್ತಿಟ್ಟರೆ ಏನು ಎಂದು. ಅವನು ಪೆನ್ನು ಕೆಳಗಿಟ್ಟ. ಸರಿ ಎನ್ನಲಿಲ್ಲ, ತಪ್ಪು ಎಂದೂ ಹೇಳಲಿಲ್ಲ. ಹೇಗೆ ಕೊಡುತ್ತಾನೆ, ಯಾಕೆ ಕೊಡುತ್ತಾನೆ, ಎಲ್ಲ ನೋಡಬೇಕಾಗುತ್ತದೆ ಎಂದ. ಕಾಲೇಜು ಮುಗಿಯುವವರೆಗೆ ಸುಮ್ಮನೆ ಅವನ ಹತ್ತಿರವೇ ಇದ್ದರೆ ಅಷ್ಟು ಅವಸರ ಏನಿತ್ತು, ಮೊದಲೇ ಕೇಳಬಹುದಿತ್ತಲ್ಲ ಎಂದ. ಮೊದಲೇ ಕೇಳು ಅಂತ ನೀನು ಬರೆದಿದ್ದೆ.

ಅಲ್ಲಿಂದ ಸೀದಾ ಗಿರೀಶನ ಮನೆಗೆ ಹೋದೆ. ನಾಲ್ಕು ಬೀದಿ ಆಚೆಗಿರುವ ಮನೆ, ಆರು ತಿಂಗಳಿಂದ ಹೋಗಿರಲಿಲ್ಲ. ಬಾಗಿಲು ತೆಗೆದದ್ದು ಜೈ. ರಜೆಗೆ ಬಂದಿದ್ದಾನೆ ಎಂದು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಹೋಗುತ್ತಿದ್ದೆನೋ ಇಲ್ಲವೋ, ನಿನ್ನ ಹತ್ತಿರ ಸುಳ್ಳು ಹೇಳುವುದಿಲ್ಲ. "ಹಾಯ್ ಅಂಕಲ್, ಒಳಗೆ ಬನ್ನಿ" ಎಂದು ಪಕ್ಕಕ್ಕೆ ಸರಿದ, ಮೊದಲಿನ ಹಾಗೇ. ನಾನು ಒಳಗೆ ಹೋಗಲಿಲ್ಲ. ಹೊಸಿಲ ಮೇಲೆ ನಿಂತು ಹೇಳಿದೆ, ನಾನು ಆ ಮಾತು ಆಡಬಾರದಿತ್ತು, ನೀನು ಕೊಟ್ಟದ್ದು ಅದಲ್ಲ, ಅದಕ್ಕೆ ಏನು ಹೆಸರೋ ನನಗೆ ಗೊತ್ತಾಗಲಿಲ್ಲ ಎಂದು. ಕನ್ನಡದಲ್ಲಿ ಹೇಳಿ, ಅವನಿಗೆ ಅರ್ಥವಾಗಲಿಲ್ಲವೇನೋ ಎಂದು ಇಂಗ್ಲಿಷಿನಲ್ಲೂ ಹೇಳಿದೆ. ಇಂಗ್ಲಿಷಿನಲ್ಲಿ ಇನ್ನೂ ಕಷ್ಟವಾಯಿತು.

ಅವನು ತಲೆ ತಗ್ಗಿಸಿಕೊಂಡು ಕೇಳಿಸಿಕೊಂಡ. "ಪರವಾಗಿಲ್ಲ ಅಂಕಲ್" ಎಂದ. ತಲೆಯ ಮೇಲಿನ ಹೊಸ ತಂಡದ ಟೋಪಿ ತೆಗೆದು ಹಿಡಿದು, "ನಾನು ನಿಮ್ಮ ಮೇಲೆ ಸಿಟ್ಟಾಗಿರಲಿಲ್ಲ. ನಾನು ಕಾಯ್ತಾ ಇದ್ದದ್ದು ನಿಮಗಲ್ಲ" ಎಂದ.

ಒಳಗಿನಿಂದ ಗಿರೀಶ ಬಂದ. ಕಾಫಿ ಕೊಟ್ಟ. ಓಹಾಯೋದವರ ಟೋಪಿ ಈ ಮನೆಯೊಳಗೆ ಬರುತ್ತದೆಂದು ಕನಸಿನಲ್ಲೂ ಎಣಿಸಿರಲಿಲ್ಲ ಎಂದು ನಗಿಸಲು ನೋಡಿದ. ಫುಟ್‌ಬಾಲಿನಲ್ಲಿ ಓಹಾಯೋ ಅಂದರೆ ಆಗದ ಮಿಷಿಗನ್ನಿನವರಿಗೆ ಅದು ನಿಜವಾದ ಸಂಕಟವೇ. ನಕ್ಕೆವು. ಆದರೆ ಮೊದಲು ಅವನ ಮನೆಯಲ್ಲಿ ನಾನೇ ಹೋಗಿ ಲೋಟ ತೊಳೆದಿಡುತ್ತಿದ್ದೆ. ಈ ಸಲ "ಇರಲಿ ಬಿಡಿ" ಎಂದು ಲೋಟ ತೆಗೆದುಕೊಂಡ. "ಬಿಡಿ" ಎಂದ, "ಬಿಡೋ" ಎನ್ನಲಿಲ್ಲ.

ಜೈ ಅಂದದ್ದನ್ನು ನಿನಗೆ ಮುಟ್ಟಿಸಬೇಕು ಅನ್ನಿಸಿತು, ಮುಟ್ಟಿಸಿದ್ದೇನೆ. ಮುಂದೆ ಏನು ಮಾಡಬೇಕೆಂದು ನಾನು ಹೇಳುವುದಿಲ್ಲ. ಹೇಳಿದ್ದು ಸಾಕಾಗಿದೆ.

ಅಪ್ಪ


ಡೌನರ್ಸ್ ಗ್ರೋವ್
ಏಪ್ರಿಲ್ 19, 2026

ಅಪ್ಪ, ಅಮ್ಮ,

ನಿನ್ನೆ ಓಹಾಯೋಗೆ ಹೋಗಿದ್ದೆ. ಜೈಯ ಹೊಸ ತಂಡದವರು ತಮ್ಮತಮ್ಮಲ್ಲೇ ಎರಡು ಪಾಲಾಗಿ ಆಡುವ ವಸಂತಕಾಲದ ಮ್ಯಾಚ್ ಇತ್ತು. ಯಾರು ಬೇಕಾದರೂ ಬಂದು ನೋಡಬಹುದು. ಬರುತ್ತೇನೆಂದು ಅವನಿಗೆ ತಿಳಿಸಿರಲಿಲ್ಲ. ಅಪ್ಪನ ಕಾಗದ ಬಂದ ಮೇಲೆ ದಿನಾ ಫೋನ್ ಕೈಗೆತ್ತಿಕೊಂಡು ಕೆಳಗಿಡುತ್ತಿದ್ದೆ. ಕೊನೆಗೆ ಡ್ರೈವ್ ಮಾಡುವುದೇ ಸುಲಭ ಅನ್ನಿಸಿತು.

ಮ್ಯಾಚ್ ಮುಗಿದ ಮೇಲೆ ಮಕ್ಕಳೆಲ್ಲ ಸಹಿ ಹಾಕಿಸಿಕೊಳ್ಳಲು ಬೇಲಿಯ ಹತ್ತಿರ ಓಡಿದರು. ನಾನು ಅವರ ಹಿಂದೆ ನಿಂತೆ. ಜೈ ಸಹಿ ಹಾಕುತ್ತಾ ಬಂದು, ತಲೆಯೆತ್ತಿ ನನ್ನನ್ನು ನೋಡಿದ. ಅವನಿಗೆ ಆಶ್ಚರ್ಯವಾದ ಹಾಗೆ ಕಾಣಲಿಲ್ಲ. ಸುಸ್ತಾದವನ ಹಾಗೆ ಕಂಡ. "ಎಷ್ಟೊತ್ತು ಡ್ರೈವ್?" ಎಂದು ಕೇಳಿದ. ಐದು ಗಂಟೆ ಎಂದೆ.

"ನೀನು ಮಂಚದ ಹತ್ತಿರ ಕೇಳಿದ್ದೆಯಲ್ಲ" ಎಂದು ಶುರು ಮಾಡಿದೆ. "ನನಗೆ ನಾಚಿಕೆ ಆಗಿತ್ತು. ನಿನ್ನಿಂದ ಅಲ್ಲ. ನಾನು ಬೇಡ ಅನ್ನೋಕೂ ಆಗದೆ, ತಗೊಳ್ಳೋಕೂ ಆಗದೆ ನಿಂತಿದ್ದೆ. ಹೋಗಬೇಡ ಅನ್ನಬೇಕಿತ್ತು. ಅನ್ನಲಿಲ್ಲ."

ಅವನು ಪೆನ್ನಿನ ಮುಚ್ಚಳ ಹಾಕಿ ತೆಗೆದು ಮಾಡಿದ. "ಅಂದಿದ್ರೆ ಹೋಗ್ತಿರಲಿಲ್ಲ" ಎಂದ.

ಅಷ್ಟೇ. ಸಿಟ್ಟಿರಲಿಲ್ಲ, ಸುಮ್ಮನೆ ನಡೆದದ್ದನ್ನು ಹೇಳುವ ಹಾಗೆ. ಅವನ ಹೊಸ ತಂಡದವರು ಬಸ್ಸಿನಿಂದ ಕೂಗಿದರು. ಬೇಸಿಗೆಯಲ್ಲಿ ಮನೆಗೆ ಬಂದಾಗ ಸಿಗೋಣ ಎಂದ. ಸಿಗೋಣ ಎಂದೆ. ಬೇಲಿಯ ಮೇಲಿಂದ ಕೈ ಚಾಚಿದ, ಹಿಡಿದೆ. ಓಡಿಹೋದ.

ವಾಪಸು ಬರುವಾಗ ಟೋಲ್ ರಸ್ತೆಯಲ್ಲಿ ಒಂದೇ ವಿಷಯ ತಲೆಯಲ್ಲಿತ್ತು. ಅದನ್ನು ನಿಮಗೆ ಹೇಳಬೇಕೆಂದೇ ಈ ಕಾಗದ. ಜೈ ಚೆಂಡು ಹಿಡಿಯುವುದನ್ನು ನಾನು ನಿನ್ನೆ ಮೊದಲ ಬಾರಿಗೆ ದೂರದಿಂದ ನೋಡಿದೆ. ಒದೆಯುವವನಿಗೆ ಅದು ಕಾಣುವುದಿಲ್ಲ, ಅವನ ಕಣ್ಣು ಚೆಂಡಿನ ಮೇಲೆ, ಆಮೇಲೆ ಕಂಬಗಳ ಮೇಲೆ. ಚೆಂಡು ಮೇಲಕ್ಕೆ ಹೋದಾಗ ಸ್ಟೇಡಿಯಮ್ಮಿನಲ್ಲಿದ್ದವರೆಲ್ಲ ಅದರ ಹಿಂದೆ ಕತ್ತೆತ್ತಿದರು. ಜೈ ಎತ್ತಲಿಲ್ಲ. ಮಂಡಿಯೂರಿ ಕೂತಲ್ಲಿಂದಲೇ ತಿರುಗಿ ಒದ್ದವನ ಮುಖ ನೋಡುತ್ತಿದ್ದ, ಗೆದ್ದಿತೋ ಇಲ್ಲವೋ ಎಂಬುದನ್ನು ಆ ಮುಖದಲ್ಲೇ ಓದಿಕೊಳ್ಳುವವನ ಹಾಗೆ. ಪ್ರತಿ ಸಲವೂ ಹಾಗೇ ಮಾಡಿದ.

ಇಷ್ಟು ವರ್ಷ ಅವನು ನನ್ನನ್ನೇ ನೋಡುತ್ತಿದ್ದನೆಂದು ನನಗೆ ಗೊತ್ತೇ ಇರಲಿಲ್ಲ, ಅಪ್ಪ.

ಸಮರ್ಥ